ಡೌನಿ ಔಷಧಿ ರೋಗವನ್ನು ಕೊಲ್ಲುತ್ತದೆಯೋ, ಬಳ್ಳಿಯನ್ನು ಎಚ್ಚರಿಸುತ್ತದೆಯೋ?

ಕರಿಮಣ್ಣು_ತಿಕೋಟಾ

ಎಲ್ಲರಿಗೂ ನಮಸ್ಕಾರ. ತಿಕೋಟಾ ಸಮೀಪ ನಮ್ಮದು 4 ಎಕರೆ ಥಾಮ್ಸನ್ ದ್ರಾಕ್ಷಿಯ ಪಡ, ಅಂದರೆ ತೋಟ. ಬೆಳೆದದ್ದೆಲ್ಲ ಒಣದ್ರಾಕ್ಷಿಗೆ ಹೋಗುತ್ತದೆ. ಹೋದ ವರ್ಷ ಅಕ್ಟೋಬರ್ ಚಾಟನಿ (ಬಳ್ಳಿ ಸವರುವುದು) ಮುಗಿದು, ಕುಡಿ ಒಡೆದು, ಎಲೆ ಬಿಚ್ಚುವ ಹೊತ್ತಿಗೆ ಮೋಡ ಮುಸುಕಿ ಮಳೆ ಹಿಡಿಯಿತು. ವಾರ ಕಳೆಯುವುದರೊಳಗೆ ಎಲೆಗಳ ಮೇಲೆ ಎಣ್ಣೆ ಚುಕ್ಕೆ ಕಂಡವು. ಮಗುಚಿ ನೋಡಿದರೆ ಬಿಳಿ ಬೂಜು, ಡೌನಿ ರೋಗವೇ. ಅಂಗಡಿಗೆ ಓಡಿದೆ. ಫೋಸೆಟೈಲ್ ಅಲ್ಯೂಮಿನಿಯಂ ಪುಡಿ ಕೊಟ್ಟು, "ಇದು ರೋಗವನ್ನು ಕೊಲ್ಲುವುದಕ್ಕಿಂತ ಹೆಚ್ಚಾಗಿ ಬಳ್ಳಿಗೇ ಶಕ್ತಿ ಕೊಡುತ್ತದೆ" ಎಂದರು. ಅಂದೇ ಸಂಜೆ ಹೊಡೆದೆ. ಆದರೂ ಹೂಗೊಂಚಲುಗಳು ಕಂದಿ ಉದುರಿದವು, ಅರ್ಧ ಪಡ ಕೈಬಿಟ್ಟಿತು.

ನಿದ್ದೆಗೆಡಿಸಿದ ಸಂಗತಿ ಬೇರೆಯಿದೆ. ಬದುವಿನ ಆಚೆ ನಮ್ಮ ಕಾಕಾನವರ ಪಡ. ಅದೇ ಅಂಗಡಿ, ಅದೇ ಪುಡಿ, ಲೀಟರಿಗೆ ಅದೇ 2 ಗ್ರಾಂ. ಅವರು ಮಳೆಗೆ ಮುಂಚೆ, ಐದೆಲೆ ಇದ್ದಾಗಲೇ ಹೊಡೆದಿದ್ದರು. ಅವರ ಪಡ ಉಳಿಯಿತು.

ಬಳ್ಳಿಗೆ ಶಕ್ತಿ ಬರುವುದು ಎಂದರೆ ಏನು? ಅಂಗಡಿಯವರ ಮಾತಿನಲ್ಲಿ ಸತ್ಯ ಎಷ್ಟಿದೆ? ಈ ಸಲದ ಚಾಟನಿಗೆ ಇನ್ನು ಮೂರು ವಾರ ಉಳಿದಿವೆ. ತಿಳಿದವರು ಬಿಡಿಸಿ ಹೇಳಬೇಕು.

ಬಳ್ಳಿ_ತೆಲಸಂಗ

ನಿಮ್ಮ ನಷ್ಟ ಓದಿ ಮನಸ್ಸಿಗೆ ಕಷ್ಟವಾಯಿತು ಅಣ್ಣಾ. ಅಥಣಿ ಭಾಗದಲ್ಲಿ ನಮಗೂ ಅದೇ ಮಳೆ ಹೊಡೆದಿತ್ತು.

"ಶಕ್ತಿ ಕೊಡುತ್ತದೆ" ಎಂಬ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಆ ಮಾತು ಹೇಳಿಯೇ ಬಣ್ಣ ಬಣ್ಣದ ಬಾಟಲಿಗಳನ್ನು ನಮಗೆ ಮಾರುತ್ತಾರೆ. ಔಷಧಿ ಎಂದ ಮೇಲೆ ರೋಗಾಣು ಸಾಯಬೇಕು. ಸಾಯದಿದ್ದರೆ ಅದು ಔಷಧಿಯಲ್ಲ. ಬಳ್ಳಿಗೆ ರಕ್ತವಿಲ್ಲ, ಬಿಳಿ ರಕ್ತಕಣವಿಲ್ಲ. ಅದು ಎಚ್ಚರಗೊಳ್ಳುವುದಾದರೂ ಹೇಗೆ? ಯಾರಾದರೂ ಪುರಾವೆ ಕೊಟ್ಟರೆ ಒಪ್ಪಿಕೊಳ್ಳುತ್ತೇನೆ.

ಸಸ್ಯರೋಗ_ಬಾಗಲಕೋಟೆ

ನಾನು ಬಾಗಲಕೋಟೆಯಲ್ಲಿ ಸಸ್ಯರೋಗಶಾಸ್ತ್ರ ಓದುತ್ತಿದ್ದೇನೆ, ಮನೆಯಲ್ಲಿ ಬೇಸಾಯವಿದೆ. ಬಳ್ಳಿ ಅಣ್ಣನವರು ಕೇಳಿದ್ದು ಸರಿಯಾದ ಪ್ರಶ್ನೆ. ಉತ್ತರ ಉದ್ದವಾಗುತ್ತದೆ, ದಯವಿಟ್ಟು ತಾಳ್ಮೆಯಿಂದ ಓದಿ.

ಗಿಡಕ್ಕೆ ರಕ್ತವಿಲ್ಲ, ನಿಜ. ಆದರೆ ಅದರ ಒಂದೊಂದು ಜೀವಕೋಶವೂ ತಾನೇ ಕಾವಲುಗಾರ. ಶಿಲೀಂಧ್ರದ ಗೋಡೆಯ ಚೂರು ತಗುಲಿದರೆ ಸಾಕು, ಹೊರಗಿನವರು ಬಂದರೆಂದು ಕೋಶಕ್ಕೆ ತಿಳಿಯುತ್ತದೆ. ರೋಗ ಹೊಕ್ಕ ಜಾಗದ ಕೋಶಗಳು ಎಷ್ಟೋ ಸಲ ತಾವೇ ಸತ್ತು ರೋಗಾಣುವಿಗೆ ಅನ್ನ ಸಿಗದಂತೆ ಮಾಡುತ್ತವೆ. ಸುತ್ತಲಿನ ಕೋಶಗಳು ಗೋಡೆ ದಪ್ಪ ಮಾಡಿಕೊಳ್ಳುತ್ತವೆ. ಶಿಲೀಂಧ್ರದ ಗೋಡೆಯನ್ನೇ ಕರಗಿಸುವ ಕೈಟಿನೇಸ್, ಗ್ಲುಕನೇಸ್ ಎಂಬ ಕಿಣ್ವಗಳನ್ನು ತಯಾರಿಸುತ್ತವೆ. ದ್ರಾಕ್ಷಿಯಾದರೆ ರೆಸ್ವೆರಟ್ರಾಲ್, ವಿನಿಫೆರಿನ್ ಎಂಬ ವಸ್ತುಗಳೂ ಎಲೆಯಲ್ಲೇ ಹುಟ್ಟುತ್ತವೆ. ಅವು ಬಳ್ಳಿಯ ಸ್ವಂತ ಔಷಧಿಗಳು.

1961ರಲ್ಲಿ ಅಮೆರಿಕದ ರಾಸ್ ಎಂಬ ವಿಜ್ಞಾನಿ ತಂಬಾಕಿನ ಗಿಡದ ಒಂದು ಎಲೆಗೆ ಮೊಸಾಯಿಕ್ ವೈರಸ್ ಹಚ್ಚಿದರು. ಕೆಲವು ದಿನ ಬಿಟ್ಟು ಅದೇ ಗಿಡದ ಬೇರೆ ಎಲೆಗಳಿಗೆ ಹಚ್ಚಿ ನೋಡಿದರೆ ಅಲ್ಲಿ ಚುಕ್ಕೆಗಳು ಕಡಿಮೆಯಾಗಿದ್ದವು, ಸಣ್ಣದಾಗಿಯೂ ಇದ್ದವು. ಒಂದು ಎಲೆಗೆ ಬಿದ್ದ ಪೆಟ್ಟಿನ ಸುದ್ದಿ ಇಡೀ ಗಿಡಕ್ಕೆ ಮುಟ್ಟಿತ್ತು. 1979ರಲ್ಲಿ ಇಂಗ್ಲೆಂಡಿನ ವೈಟ್ ಎಂಬವರು ತಂಬಾಕಿನ ಎಲೆಗೆ ಆಸ್ಪಿರಿನ್ ಚುಚ್ಚಿ ಇಂಥದೇ ರಕ್ಷಣೆ ಕಂಡರು. ಆಸ್ಪಿರಿನ್ ಸ್ಯಾಲಿಸಿಲಿಕ್ ಆಮ್ಲದಿಂದ ಮಾಡಿದ್ದು. ಆ ಆಮ್ಲವನ್ನು ಗಿಡಗಳು ತಾವೇ ತಯಾರಿಸುತ್ತವೆ, ರಕ್ಷಣೆಗೆ ಕರೆ ಕೊಡುವುದೂ ಅದೇ ಎಂಬುದು ಆಮೇಲೆ ಸ್ಪಷ್ಟವಾಯಿತು.

ಇನ್ನು ಔಷಧಿಯ ಮಾತು. 1998ರಲ್ಲಿ ಒಂದು ಅಧ್ಯಯನ ಬಂತು. ಸಾಸಿವೆ ಕುಟುಂಬದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಎರಡು ಬಗೆಯ ದುರ್ಬಲ ಗಿಡಗಳನ್ನು ತೆಗೆದುಕೊಂಡರು. ಒಂದರಲ್ಲಿ ಸ್ಯಾಲಿಸಿಲಿಕ್ ಆಮ್ಲ ಹುಟ್ಟಿದ ಹಾಗೆಯೇ ನಾಶವಾಗುತ್ತದೆ. ಇನ್ನೊಂದರಲ್ಲಿ ಆಮ್ಲವಿದ್ದರೂ ಅದರ ಕರೆ ಒಳಗೆ ಕೇಳಿಸುವುದಿಲ್ಲ. ಆ ಗಿಡಗಳಿಗೆ ಡೌನಿ ಜಾತಿಯ ರೋಗ ಹಚ್ಚಿ ಮೆಟಲಾಕ್ಸಿಲ್, ಫೋಸೆಟೈಲ್, ತಾಮ್ರದ ಹೈಡ್ರಾಕ್ಸೈಡ್ ಹೊಡೆದರು. ಮೂರೂ ನಾವು ದಿನ ಬಳಸುವ ಹೆಸರುಗಳೇ. ಆರೋಗ್ಯವಂತ ಗಿಡಗಳಲ್ಲಿ ಮೂರೂ ಕೆಲಸ ಮಾಡಿದವು. ದುರ್ಬಲ ಗಿಡಗಳಲ್ಲಿ ಅವೇ ಔಷಧಿಗಳು ರೋಗವನ್ನು ತಡೆಯಲಾರದೆ ಹೋದವು.

ಔಷಧಿ ಒಂಟಿಯಾಗಿಯೇ ರೋಗಾಣುವನ್ನು ಕೊಲ್ಲುವುದಾಗಿದ್ದರೆ ಗಿಡ ದುರ್ಬಲವೋ ಗಟ್ಟಿಯೋ ಎಂಬುದರಿಂದ ಇಷ್ಟು ವ್ಯತ್ಯಾಸ ಏಕಾಗಬೇಕು? ರೋಗನಿರೋಧಕ ಶಕ್ತಿ ಕುಸಿದ ಪ್ರಾಣಿಗಳಲ್ಲಿ ಶಿಲೀಂಧ್ರದ ಔಷಧಿ ಸರಿಯಾಗಿ ನಾಟುವುದಿಲ್ಲ. ಅದರ ಜೊತೆಗೇ ಇದನ್ನು ಹೋಲಿಸಿ ಅಧ್ಯಯನಕಾರರು ಬರೆದಿದ್ದಾರೆ.

ಬಳ್ಳಿ_ತೆಲಸಂಗ

ಎರಡು ಸಲ ಓದಿದೆ. ಆದರೂ ಒಂದು ಅನುಮಾನ ಉಳಿದಿದೆ. ದುರ್ಬಲ ಗಿಡದಲ್ಲಿ ರೋಗ ಜೋರಾಗಿ ಬೆಳೆಯುವುದರಿಂದ ಔಷಧಿ ಸಾಲದೆ ಹೋಗಿರಬಹುದಲ್ಲವೇ? ಗಿಡ ತನ್ನ ಪಾಡಿಗೆ ಹೋರಾಡಿದೆ, ಔಷಧಿ ತನ್ನ ಪಾಡಿಗೆ ಕೊಂದಿದೆ ಎನ್ನಬಹುದು. ಔಷಧಿಯೇ ಗಿಡವನ್ನು ಎಬ್ಬಿಸಿತು ಎನ್ನಲು ಇದು ಸಾಕಾಗದು.

ಸಸ್ಯರೋಗ_ಬಾಗಲಕೋಟೆ

ತುಂಬಾ ಸೂಕ್ಷ್ಮವಾದ ಅನುಮಾನ ಅಣ್ಣಾ. ಆ ಒಂದು ಅಧ್ಯಯನದಿಂದ ಮಾತ್ರ ನೀವು ಹೇಳಿದ ಸಾಧ್ಯತೆಯನ್ನು ಪೂರ್ತಿ ತಳ್ಳಿಹಾಕಲಾಗದು. ಅದಕ್ಕೆ ಇನ್ನೊಂದು ಪುರಾವೆ ಕೊಡುತ್ತೇನೆ.

ಪೈರಾಕ್ಲೋಸ್ಟ್ರೋಬಿನ್ ಗೊತ್ತಿರುತ್ತದೆ, ಸ್ಟ್ರೋಬಿಲುರಿನ್ ಗುಂಪಿನದು. ಈ ಗುಂಪಿನ ಮೂಲ ವಸ್ತು ಸಿಕ್ಕಿದ್ದು ಒಂದು ಕಾಡು ಅಣಬೆಯಲ್ಲಿ. ಶಿಲೀಂಧ್ರದ ಕೋಶದಲ್ಲಿ ಉಸಿರಾಟವನ್ನು ಕಟ್ಟುವುದು ಇದರ ಕೆಲಸ. 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದನ್ನು ತಂಬಾಕಿಗೆ ಕೊಟ್ಟು, ಆಮೇಲೆ ಮೊಸಾಯಿಕ್ ವೈರಸ್ ಹಚ್ಚಿದರು. ವೈರಸ್ಸಿನ ಹಾವಳಿ ತಗ್ಗಿತು. ಒಂದು ಬ್ಯಾಕ್ಟೀರಿಯಾ ರೋಗದ ಮೇಲೂ ಪರಿಣಾಮ ಕಂಡಿತು.

ವೈರಸ್ಸಿಗೆ ಉಸಿರಾಟವೇ ಇಲ್ಲ. ಶಿಲೀಂಧ್ರದ ಉಸಿರು ಕಟ್ಟುವ ವಸ್ತು ಅಲ್ಲಿ ಕೊಲ್ಲುವುದೇನನ್ನು? ಉಳಿದ ದಾರಿ ಒಂದೇ: ಎಚ್ಚರಗೊಂಡದ್ದು ತಂಬಾಕಿನ ಗಿಡ. ಪೈರಾಕ್ಲೋಸ್ಟ್ರೋಬಿನ್ ಹಾಕಿದ ಕೂಡಲೇ ಗಿಡ ರಕ್ಷಣೆಯ ಪ್ರೋಟೀನುಗಳನ್ನು ತಯಾರಿಸಿಬಿಡಲಿಲ್ಲ. ರೋಗ ಬಂದ ಮೇಲೆ ಬೇಗ ಬೇಗ ತಯಾರಿಸಿತು. ಊರಿಗೆ ಕಳ್ಳರು ಬರುವ ಸುದ್ದಿ ಕೇಳಿದವರು ಬಾಗಿಲ ಪಕ್ಕದಲ್ಲಿ ಕೋಲು ಇಟ್ಟುಕೊಂಡು ಮಲಗುತ್ತಾರಲ್ಲ, ಅಂಥ ಸ್ಥಿತಿ ಅದು.

ಬಳ್ಳಿ_ತೆಲಸಂಗ

ವೈರಸ್ಸಿನ ಪುರಾವೆಗೆ ನನ್ನಲ್ಲಿ ಉತ್ತರವಿಲ್ಲ. ಒಪ್ಪಿದೆ.

ಹೊಗೆಸೊಪ್ಪು_ನಿಪ್ಪಾಣಿ

ತಂಬಾಕಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯವರ ಕಾಲದಿಂದ ಹೊಗೆಸೊಪ್ಪು ಬೆಳೆದ ಮನೆ ನಮ್ಮದು. ಕುಡಿ ಚಿವುಟುವ ಮೊದಲು ಆಳುಗಳೆಲ್ಲ ಸಾಬೂನಿನಿಂದ ಕೈ ತೊಳೆಯಬೇಕು, ಹೊಲದಲ್ಲಿ ಬೀಡಿ ಮುಟ್ಟಬಾರದು ಎಂಬುದು ಅವರ ಕಟ್ಟುನಿಟ್ಟು. ಒಣಗಿದ ಹೊಗೆಸೊಪ್ಪಿನಲ್ಲೂ ಆ ವೈರಸ್ ಬದುಕಿರುತ್ತದೆ, ಕೈಯಿಂದ ಕೈಗೆ ಹರಡುತ್ತದೆ. ನಾವು ಪೀಡೆ ಎಂದು ಕಿತ್ತೆಸೆದ ರೋಗದಿಂದಲೇ ವಿಜ್ಞಾನಿಗಳು ಗಿಡದ ರಕ್ಷಣೆಯ ಗುಟ್ಟು ಹಿಡಿದರು ಎಂದು ಓದಿ ಸಂತೋಷವಾಯಿತು. ತಂದೆಯವರಿಗೂ ಓದಿ ಹೇಳಿದೆ. "ಎಲೆಯಿಂದ ಎಲೆಗೆ ಸುದ್ದಿ ಹೋಗುತ್ತದೆಯೇ?" ಎಂದು ಮತ್ತೆ ಮತ್ತೆ ಕೇಳಿದರು.

ಕರಿಮಣ್ಣು_ತಿಕೋಟಾ

ತಮ್ಮಾ, ನಿಮ್ಮ ವಿವರಣೆ ಓದಿ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ನನ್ನ ಪಡದ ಲೆಕ್ಕದಲ್ಲೇ ಹೇಳಿ. ಒಂದೇ ಪುಡಿ ಕಾಕಾನವರ ಬಳ್ಳಿಯನ್ನು ಕಾಯಿತು, ನನ್ನದನ್ನು ಏಕೆ ಕಾಯಲಿಲ್ಲ?

ಸಸ್ಯರೋಗ_ಬಾಗಲಕೋಟೆ

ಫೋಸೆಟೈಲ್ ಬಳ್ಳಿಯೊಳಗೆ ಹೋದ ಮೇಲೆ ಒಡೆದು ಫಾಸ್ಫರಸ್ ಆಮ್ಲವಾಗುತ್ತದೆ. ನಿಜವಾದ ಕೆಲಸಗಾರ ಅದು. ಬಹುತೇಕ ಔಷಧಿಗಳು ಬಳ್ಳಿಯೊಳಗೆ ಮೇಲ್ಮುಖವಾಗಿ ಮಾತ್ರ ಹರಿಯುತ್ತವೆ. ಇದು ಮೇಲಕ್ಕೂ ಹೋಗುತ್ತದೆ, ಎಲೆಯಿಂದ ಬೇರಿಗೂ ಇಳಿಯುತ್ತದೆ. ಈ ಗುಣ ಇರುವ ಔಷಧಿಗಳು ಬೆರಳೆಣಿಕೆಯಷ್ಟು.

ಫೋಸೆಟೈಲ್ 1970ರ ದಶಕದಲ್ಲಿ ಫ್ರಾನ್ಸಿನಿಂದ ಬಂದಾಗ ವಿಜ್ಞಾನಿಗಳಿಗೆ ಒಂದು ಒಗಟಾಗಿತ್ತು. ಗಾಜಿನ ತಟ್ಟೆಯಲ್ಲಿ ರೋಗಾಣುವಿನ ಮೇಲೆ ಹಾಕಿದರೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ, ಗಿಡದೊಳಗೆ ಮಾತ್ರ ಅದ್ಭುತ ಪರಿಣಾಮ. ಇದಕ್ಕೆ ಎರಡು ಕಾರಣಗಳು ಕಂಡುಬಂದವು. ಫಾಸ್ಫರಸ್ ಆಮ್ಲ ಡೌನಿ, ಫೈಟಾಪ್ತೊರಾ ಬಗೆಯ ರೋಗಾಣುಗಳ ಬೆಳವಣಿಗೆಯನ್ನು ನೇರವಾಗಿಯೂ ಕುಂಠಿಸುತ್ತದೆ. ಹಾಗೆ ಕುಂಟುತ್ತಿರುವ ರೋಗಾಣುವನ್ನು ಬಳ್ಳಿ ಗುರುತಿಸಿ, ಆಗಲೇ ನಾನು ಹೇಳಿದ ಸ್ವಂತ ಔಷಧಿಗಳಿಂದ ಸುತ್ತುವರಿಯುತ್ತದೆ. ಅಂಗಡಿಯವರ ಮಾತು ಅರ್ಧ ನಿಜ, ಎರಡೂ ಕೆಲಸ ಒಟ್ಟಿಗೆ ನಡೆಯುತ್ತವೆ.

ಬಳ್ಳಿ ಸಜ್ಜಾಗುವುದಕ್ಕೆ ಸಮಯ ಬೇಕು. ಕರೆ ಹೋಗಬೇಕು, ಪ್ರೋಟೀನು ತಯಾರಾಗಬೇಕು, ಎಲೆಯಿಂದ ಎಲೆಗೆ ಹಬ್ಬಬೇಕು. ಇದು ಗಂಟೆಗಳಲ್ಲಿ ಮುಗಿಯುವುದಿಲ್ಲ, ದಿನಗಳು ಹಿಡಿಯುತ್ತವೆ. ಕಾಕಾನವರ ಬಳ್ಳಿಗೆ ಆ ದಿನಗಳು ಸಿಕ್ಕವು. ನೀವು ಎಣ್ಣೆ ಚುಕ್ಕೆ ನೋಡಿದ ದಿನ ರೋಗ ಎಲೆಯೊಳಗೆ ಸೇರಿ ಆಗಲೇ ಕೆಲವು ದಿನ ಕಳೆದಿದ್ದವು, ಕೆಳಗೆ ಬೂಜು ಬಿಟ್ಟು ಹೊಸ ಬೀಜಕಣಗಳೂ ಹೊರಟಿದ್ದವು. ಮನೆ ಹೊತ್ತಿ ಉರಿಯುವಾಗ ಬಾವಿ ತೋಡಲು ಹೇಳಿದಂತಾಯಿತು. ತಪ್ಪು ನಿಮ್ಮದಲ್ಲ. ಯಾವಾಗ ಹೊಡೆಯಬೇಕು ಎಂದು ನಿಮಗೆ ಹೇಳಬೇಕಾದವರು ಹೇಳಲಿಲ್ಲ.

ಕಾಕಾನವರ ಪಡ ಉಳಿಯುವುದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಗಾಳಿ ಆಡುವ ಚಪ್ಪರ, ನೀರು ಬಸಿಯುವ ನೆಲ, ಕೊಟ್ಟ ಯೂರಿಯಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕರಿಮಣ್ಣು_ತಿಕೋಟಾ

ಅವರು ಯೂರಿಯಾ ಕಡಿಮೆ ಕೊಡುತ್ತಾರೆ. ನನ್ನ ಚಪ್ಪರ ದಟ್ಟವಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಗದ್ದೆ_ಖಾನಾಪುರ

ನಮ್ಮ ಕಡೆ ಭತ್ತ. ಬೆಂಕಿ ರೋಗಕ್ಕೆ ನಾವು ಟ್ರೈಸೈಕ್ಲಾಜೋಲ್ ಹೊಡೆಯುತ್ತೇವೆ. ಅದೂ ಗಾಜಿನ ತಟ್ಟೆಯಲ್ಲಿ ಶಿಲೀಂಧ್ರವನ್ನು ಕೊಲ್ಲುವುದಿಲ್ಲ ಎಂದು ಒಮ್ಮೆ ತರಬೇತಿಯಲ್ಲಿ ಕೇಳಿದ್ದೆ. ಅದೂ ಇದೇ ಗುಂಪಿನದೇ?

ಸಸ್ಯರೋಗ_ಬಾಗಲಕೋಟೆ

ಅಲ್ಲ ಅಣ್ಣಾ, ಅದರ ದಾರಿ ಬೇರೆ. ಬೆಂಕಿ ರೋಗದ ಶಿಲೀಂಧ್ರ ಭತ್ತದ ಎಲೆಯನ್ನು ಚುಚ್ಚಿ ಒಳಗೆ ಹೋಗಬೇಕಾದರೆ ಮೆಲನಿನ್ ಎಂಬ ಕಪ್ಪು ವಸ್ತುವಿನಿಂದ ತನ್ನ ಮೊಳೆಯನ್ನು ಗಟ್ಟಿ ಮಾಡಿಕೊಳ್ಳಬೇಕು. ಟ್ರೈಸೈಕ್ಲಾಜೋಲ್ ಆ ಮೆಲನಿನ್ ತಯಾರಾಗದಂತೆ ತಡೆಯುತ್ತದೆ. ಶಿಲೀಂಧ್ರ ಬದುಕಿರುತ್ತದೆ, ಚುಚ್ಚಲಾರದು.

ಗಿಡವನ್ನೇ ಎಚ್ಚರಿಸುವ ಔಷಧಿ ಭತ್ತಕ್ಕೂ ಇದೆ, ಪ್ರೊಬೆನಜೋಲ್ ಎಂದು. ಜಪಾನಿನ ರೈತರು 1970ರ ದಶಕದ ನಡುವಿನಿಂದ ಬಳಸುತ್ತಿದ್ದಾರೆ. ಶಿಲೀಂಧ್ರದ ಮೇಲೆ ಅದರ ನೇರ ಪೆಟ್ಟು ಬಹಳ ಕಡಿಮೆ, ಸ್ಯಾಲಿಸಿಲಿಕ್ ಆಮ್ಲದ ದಾರಿಯನ್ನು ತೆರೆಸುವುದೇ ಅದರ ಕೆಲಸ. ಇಷ್ಟು ದಶಕ ಬಳಸಿದರೂ ಬೆಂಕಿ ರೋಗ ಅದಕ್ಕೆ ಬಗ್ಗದಂತೆ ಮೊಂಡಾದದ್ದು ತೊಂದರೆಯಾಗಿ ಬೆಳೆದಿಲ್ಲ. ಮೆಟಲಾಕ್ಸಿಲ್ ಕಥೆ ನೋಡಿ: ಬಂದ ಕೆಲವೇ ವರ್ಷಗಳಲ್ಲಿ, 1980ರಲ್ಲೇ, ಐರ್ಲೆಂಡಿನ ಆಲೂಗಡ್ಡೆಯ ಅಂಗಮಾರಿ ಅದಕ್ಕೆ ಮೊಂಡಾಯಿತು. ಒಂದೇ ಜಾಗಕ್ಕೆ ಹೊಡೆಯುವ ಔಷಧಿಯಿಂದ ರೋಗಾಣು ಬೇಗ ತಪ್ಪಿಸಿಕೊಳ್ಳುತ್ತದೆ. ಗಿಡ ನಾಲ್ಕಾರು ದಿಕ್ಕಿನಿಂದ ಎದುರಿಸಿದರೆ ತಪ್ಪಿಸಿಕೊಳ್ಳುವುದು ಕಷ್ಟ. ನನಗೆ ಈ ವಿಷಯದಲ್ಲಿ ಇಷ್ಟು ಆಸಕ್ತಿ ಹುಟ್ಟಿದ್ದು ಈ ಕಾರಣಕ್ಕೆ.

ದಾಳಿಂಬೆ_ಹುನಗುಂದ

ನಾನು ಹುನಗುಂದ ತಾಲ್ಲೂಕಿನವಳು. ದುಂಡಾಣು ಅಂಗಮಾರಿಯಿಂದ ಒಂದು ತೋಟವನ್ನೇ ಕಿತ್ತು ಹಾಕಿದ್ದೇವೆ. ಹಣ್ಣು ಸೀಳಿ ಕಪ್ಪು ಚುಕ್ಕೆ ಬೀಳುವುದನ್ನು ನೋಡಿದವರಿಗೇ ಆ ಸಂಕಟ ಗೊತ್ತು. ಈಗ ಹೊಸ ತೋಟದಲ್ಲಿ ತರಬೇತಿಯಲ್ಲಿ ಹೇಳಿಕೊಟ್ಟಂತೆ ಸ್ಯಾಲಿಸಿಲಿಕ್ ಆಮ್ಲ ಹೊಡೆಯುತ್ತಿದ್ದೇವೆ. ಏಕೆ ಹೊಡೆಯಬೇಕೆಂದು ನನಗೆ ಇವತ್ತು ತಿಳಿಯಿತು.

ನಮ್ಮ ಅನುಭವ ಹೇಳುತ್ತೇನೆ. ಆ ಪುಡಿ ತಣ್ಣೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮೊದಲ ಸಲ ಡ್ರಮ್ಮಿಗೆ ಸುರಿದು ಕಲಕಿ ಹೊಡೆದೆವು, ಅರ್ಧ ಪುಡಿ ತಳದಲ್ಲಿ ಉಳಿಯಿತು. ಕೊನೆಯ ಡ್ರಮ್ಮಿನ ಗಿಡಗಳ ಚಿಗುರು ಸುಟ್ಟಿತು. ಈಗ ಮೊದಲು ಸ್ವಲ್ಪ ಸ್ಪಿರಿಟ್ಟಿನಲ್ಲಿ ಪೂರ್ತಿ ಕರಗಿಸಿ ಆಮೇಲೆ ನೀರಿಗೆ ಬೆರೆಸುತ್ತೇವೆ. ಇದೊಂದರಿಂದಲೇ ತೋಟ ಉಳಿಯಿತೆಂದು ಮಾತ್ರ ಯಾರೂ ತಿಳಿಯಬೇಡಿ. ರೋಗ ಕಂಡ ಕೊಂಬೆಯನ್ನು ಕತ್ತರಿಸಿ ಸುಡುತ್ತೇವೆ, ಒಂದೊಂದು ಗಿಡಕ್ಕೂ ಕತ್ತರಿಯನ್ನು ಔಷಧಿಯಲ್ಲಿ ಅದ್ದುತ್ತೇವೆ, ಮಳೆಗಾಲದ ಬೆಳೆಯನ್ನೇ ಬಿಟ್ಟಿದ್ದೇವೆ.

ನಿಂಬೆ_ಇಂಡಿ

ಅಕ್ಕನವರು ಸುಟ್ಟ ಚಿಗುರಿನ ಮಾತು ಹೇಳಿದ್ದರಿಂದ ನನ್ನ ಗೋಳನ್ನೂ ಹೇಳುತ್ತೇನೆ, ಬೇರೆಯವರಿಗೆ ಹೀಗಾಗದಿರಲಿ.

ನಿಂಬೆ ಗಿಡದ ಬುಡದಲ್ಲಿ ಗೋಂದು ಸೋರುತ್ತಿತ್ತು. ಇದು ಫೈಟಾಪ್ತೊರಾ ರೋಗ, ಇದಕ್ಕೆ ಫಾಸ್ಫರಸ್ ಆಮ್ಲ ಬೇಕು ಎಂದರು. ಫಾಸ್ಫಾರಿಕ್ ಎಂದರೂ ಅದೇ ಎಂದುಕೊಂಡು ಮೊದಲ ವರ್ಷ ಡ್ರಿಪ್ಪಿಗೆ ಬಿಡುವ ಫಾಸ್ಫಾರಿಕ್ ಆಮ್ಲವನ್ನೇ ಬಳಸಿದೆ, ರೋಗ ಕದಲಲಿಲ್ಲ. ಎರಡನೆಯ ವರ್ಷ ಸರಿಯಾದ ಫಾಸ್ಫರಸ್ ಆಮ್ಲವನ್ನೇ ತಂದೆ. ಆದರೆ ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೆರೆಸಿ ಹುಳಿ ಮುರಿಯಬೇಕು ಎಂದು ಯಾರೂ ಹೇಳಲಿಲ್ಲ. ಹಾಗೆಯೇ ಹೊಡೆದೆ. ಮೂರು ದಿನದಲ್ಲಿ ಎಲೆಗಳ ಅಂಚೆಲ್ಲ ಸುಟ್ಟು ಹೋದವು.

ಸಸ್ಯರೋಗ_ಬಾಗಲಕೋಟೆ

ಇದನ್ನು ಬರೆದು ನೀವು ಬಹಳ ಜನರನ್ನು ಉಳಿಸಿದಿರಿ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಕೆಲಸದಲ್ಲಿ ಭೂಮಿ ಆಕಾಶದ ಅಂತರ. ಫಾಸ್ಫಾರಿಕ್ ಆಮ್ಲ ಗಿಡಕ್ಕೆ ಗೊಬ್ಬರ, ಅದರಿಂದ ರಂಜಕ ಸಿಗುತ್ತದೆ. ಫಾಸ್ಫರಸ್ ಆಮ್ಲದಲ್ಲಿ ರಂಜಕವಿದ್ದರೂ ಗಿಡ ಅದನ್ನು ಆಹಾರವಾಗಿ ಬಳಸಿಕೊಳ್ಳಲಾರದು. ಅದನ್ನು ಗೊಬ್ಬರವೆಂದು ಮಾರಿದರೆ ಕೊಳ್ಳಬೇಡಿ. ಹುಳಿ ಮುರಿದ ಪೊಟ್ಯಾಸಿಯಂ ಫಾಸ್ಫೋನೇಟ್ ಸಿದ್ಧವಾಗಿ ಸಿಗುತ್ತದೆ. ಮನೆಯಲ್ಲಿ ಬೆರೆಸುವುದಕ್ಕಿಂತ ಅದೇ ಕ್ಷೇಮ.

ಇನ್ನೂ ಒಂದು. ಫೋಸೆಟೈಲ್ ಜೊತೆಗೆ ತಾಮ್ರದ ಯಾವ ಔಷಧಿಯನ್ನೂ ಒಂದೇ ಡ್ರಮ್ಮಿನಲ್ಲಿ ಬೆರೆಸಬಾರದು. ಫೋಸೆಟೈಲ್ ದ್ರಾವಣ ಹುಳಿ, ಆ ಹುಳಿಗೆ ತಾಮ್ರ ಹೆಚ್ಚಾಗಿ ಕರಗಿ ಎಲೆ ಸುಡುತ್ತದೆ. ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ಹೊಡೆದ ಪಡದಲ್ಲೂ ನಡುವೆ ಅಂತರ ಬಿಡಿ.

ಬಳ್ಳಿ_ತೆಲಸಂಗ

ಹಾಗಾದರೆ ವಾರಕ್ಕೊಮ್ಮೆ ಹೊಡೆಯುತ್ತಾ ಬಳ್ಳಿಯನ್ನು ಸದಾ ಎಚ್ಚರದಲ್ಲಿಟ್ಟರೆ ಆಗದೇ?

ಸಸ್ಯರೋಗ_ಬಾಗಲಕೋಟೆ

ಆಗದು ಅಣ್ಣಾ. ರಕ್ಷಣೆಗೆ ಬಳ್ಳಿ ಖರ್ಚು ಮಾಡುವುದು ತನ್ನ ಸಕ್ಕರೆಯನ್ನೇ, ತನ್ನ ಸಾರಜನಕವನ್ನೇ. ಜರ್ಮನಿಯಲ್ಲಿ ಗೋಧಿಯ ಬೂದಿ ರೋಗಕ್ಕೆ 1996ರಲ್ಲಿ ಅಸಿಬೆಂಜೊಲಾರ್ ಎಂಬ ಔಷಧಿ ಬಂತು. ಗಿಡವನ್ನು ಎಚ್ಚರಿಸುವುದಕ್ಕೆಂದೇ ಮಾಡಿದ್ದು. 2000ದಲ್ಲಿ ಬಂದ ಪ್ರಯೋಗದಲ್ಲಿ ರೋಗವಿಲ್ಲದ ಗೋಧಿಗೆ ಅದನ್ನು ಹೊಡೆದಾಗ ಬೆಳವಣಿಗೆಯೂ ಕಾಳೂ ಕಡಿಮೆಯಾದವು. ಶತ್ರುವಿಲ್ಲದೆ ಸೈನ್ಯ ಸಾಕಿದ ಖರ್ಚು ಅದು.

ಜೊತೆಗೆ ಸ್ಯಾಲಿಸಿಲಿಕ್ ದಾರಿ ಡೌನಿ, ಬೂದಿಯಂಥ ಜೀವಂತ ಎಲೆಯಲ್ಲೇ ಬದುಕುವ ರೋಗಗಳಿಗೆ ಒಳ್ಳೆಯದು. ಎಲೆ ತಿನ್ನುವ ಹುಳು, ಕೊಳೆಸಿ ತಿನ್ನುವ ಶಿಲೀಂಧ್ರಗಳಿಗೆ ಗಿಡ ಜಾಸ್ಮೋನಿಕ್ ಎಂಬ ಬೇರೆ ದಾರಿ ಬಳಸುತ್ತದೆ. ಒಂದನ್ನು ಜೋರಾಗಿ ತೆರೆದರೆ ಇನ್ನೊಂದು ಎಷ್ಟೋ ಸಲ ಮಂದವಾಗುತ್ತದೆ.

ಹಸಿ ದ್ರಾಕ್ಷಿಯನ್ನು ಹೊರದೇಶಕ್ಕೆ ಕಳಿಸುವವರಿಗೆ ಇನ್ನೂ ಎಚ್ಚರ ಬೇಕು. ಫಾಸ್ಫರಸ್ ಆಮ್ಲ ಬಳ್ಳಿಯೊಳಗೆ ಬಹಳ ಕಾಲ ಉಳಿಯುತ್ತದೆ, ಹಣ್ಣಿನ ಪರೀಕ್ಷೆಯಲ್ಲಿ ಕಾಣಿಸುತ್ತದೆ. ಮೋಡದ ಮುನ್ಸೂಚನೆ ನೋಡಿಕೊಂಡು, ಹೂ ಬಿಡುವ ಮೊದಲಿನ ಎಳೆಯ ಹಂತದಲ್ಲಿ ಒಂದೆರಡು ಸಲ ಸಾಕು ಎಂಬುದು ನನ್ನ ಅಭಿಪ್ರಾಯ. ಎಲೆಯ ಮೇಲೆ ಕಾವಲಿಗೆ ಮ್ಯಾಂಕೋಜೆಬ್‌ನಂಥ ಮುಟ್ಟಿದಲ್ಲಿ ಕೆಲಸ ಮಾಡುವ ಔಷಧಿ ಇದ್ದೇ ಇರಬೇಕು. ಆ 1998ರ ಅಧ್ಯಯನದಲ್ಲೂ ಎಚ್ಚರಿಸುವ ಔಷಧಿ, ಕೊಲ್ಲುವ ಔಷಧಿ ಎರಡನ್ನೂ ಕೂಡಿಸಿದಾಗ ಬಂದ ಫಲ ಬಿಡಿ ಬಿಡಿ ಫಲಗಳ ಮೊತ್ತಕ್ಕಿಂತ ದೊಡ್ಡದಿತ್ತು.

ಕರಿಮಣ್ಣು_ತಿಕೋಟಾ

ಈ ಸಲ ನನ್ನ ಪಡದಲ್ಲೇ ನೋಡಬೇಕೆಂದು ತೀರ್ಮಾನಿಸಿದ್ದೇನೆ. ಹತ್ತು ಸಾಲಿಗೆ ಔಷಧಿಯನ್ನೇ ಕೊಡದೆ ಬಿಡಲೇ?

ಸಸ್ಯರೋಗ_ಬಾಗಲಕೋಟೆ

ಬೇಡ ಅಣ್ಣಾ, ಆ ಹತ್ತು ಸಾಲೇ ಉಳಿದ ಪಡಕ್ಕೂ ಕಾಕಾನವರ ಪಡಕ್ಕೂ ರೋಗ ಹಂಚುತ್ತವೆ. ಇಡೀ ಪಡಕ್ಕೆ ಮ್ಯಾಂಕೋಜೆಬ್ ಇರಲಿ. ನಡುವಿನ ನಾಲ್ಕು ಸಾಲುಗಳಿಗೆ ಫೋಸೆಟೈಲ್ ಕೊಡಬೇಡಿ, ಉಳಿದವಕ್ಕೆ ಐದೆಲೆ ಹಂತದಲ್ಲಿ ಕೊಡಿ. ಬ್ಲೋವರಿನ ಗಾಳಿಗೆ ಔಷಧಿ ಹಾರುವುದರಿಂದ ಅಂಚಿನ ಸಾಲುಗಳನ್ನು ಎಣಿಸಬೇಡಿ. ಒಂದೊಂದು ಸಾಲಿನಲ್ಲಿ 50 ಎಲೆ ನೋಡಿ, ಎಣ್ಣೆ ಚುಕ್ಕೆ ಇರುವ ಎಲೆ ಎಷ್ಟು ಎಂದು ಬರೆಯಿರಿ. ಎಣಿಸುವವರಿಗೆ ಯಾವ ಸಾಲಿಗೆ ಏನು ಹೊಡೆದಿದೆ ಎಂದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಮನಸ್ಸಿಗೆ ಬೇಕಾದದ್ದನ್ನೇ ನೋಡುತ್ತದೆ.

ಬಳ್ಳಿ_ತೆಲಸಂಗ

ಎಣಿಸಲು ನಾನು ಬರುತ್ತೇನೆ. ತೆಲಸಂಗದಿಂದ ತಿಕೋಟಾ ದೂರವೇನಲ್ಲ. ಯಾವ ಸಾಲು ಯಾವುದೆಂದು ನನಗೆ ಹೇಳಬೇಡಿ, ಕಾಕಾನವರ ಹತ್ತಿರ ಚೀಟಿ ಬರೆದಿಡಿ.

ಕರಿಮಣ್ಣು_ತಿಕೋಟಾ

ಖಂಡಿತ ಬನ್ನಿ ಅಣ್ಣಾ, ಊಟ ನಮ್ಮಲ್ಲೇ. ಚಾಟನಿ ಅಕ್ಟೋಬರ್ 10ಕ್ಕೆ ಎಂದು ಗೊತ್ತು ಮಾಡಿದ್ದೇನೆ. ಹದಿನೆಂಟು ಇಪ್ಪತ್ತು ದಿನಕ್ಕೆ ಐದೆಲೆ ಬರುತ್ತದೆ. ಔಷಧಿ ಹೊಡೆದ ದಿನ ಇಲ್ಲಿ ಬರೆಯುತ್ತೇನೆ, ಅಲ್ಲಿಂದ ಹತ್ತನೆಯ ದಿನ ಎಣಿಸೋಣ. ದಟ್ಟ ಚಪ್ಪರ ತೆರವು ಮಾಡುವ ಕೆಲಸಕ್ಕೆ ಆಳುಗಳಿಗೆ ಈಗಲೇ ಹೇಳಿಟ್ಟಿದ್ದೇನೆ. ಚೀಟಿಯನ್ನು ಕಾಕಾನವರು ತಮ್ಮ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದಿದ್ದಾರೆ.